ಲೆಕ್ಕದ ಮೇಡಂ ಕೈಗುಣ

ಮೊನ್ನೆ ಶನಿವಾರ ಮೂಗುಬೊಟ್ಟಿನ ತಿರುಪು ಸಡಿಲವಾಯಿತೆಂದು ನಂಜನಗೂಡಿನ ಬಜಾರಿನ ಒಂದು ಚಿನ್ನದಂಗಡಿಗೆ ಹೋಗಿದ್ದೆ. ಅಂಗಡಿಯವರು ಅದನ್ನು ಸರಿಮಾಡಿ ಗುಲಾಬಿ ಬಣ್ಣದ ಆ ತೆಳುಕಾಗದದಲ್ಲಿ ಮಡಿಸಿ ಕೊಟ್ಟರು. ಚಿನ್ನ ಕೊಳ್ಳುವವರಿಗೆ ಆ ಕಾಗದ ಗೊತ್ತು. ಕೊಳ್ಳದವರಿಗೆ ಇನ್ನೂ ಚೆನ್ನಾಗಿ ಗೊತ್ತು. ಪೊಟ್ಟಣವನ್ನು ಎಡಗೈಗೆ ತೆಗೆದುಕೊಂಡೆನೋ ಇಲ್ಲವೋ, ನನ್ನ ಬಲಗೈ ತಾನಾಗಿಯೇ ಮುಂದೆ ಚಾಚಿತು. "ಕೊಟ್ನಲ್ಲಮ್ಮಾ, ಎಡಗೈಲಿದೆ ನೋಡಿ" ಎಂದು ಅವರು ಗಾಬರಿಯಾದರು. ಈ ಬಲಗೈಗೆ ಒಂದು ಚರಿತ್ರೆಯೇ ಇದೆ, ಅದು ಗುಲಾಬಿ ಕಾಗದ ಕಂಡರೆ ಸುಮ್ಮನಿರುವುದಿಲ್ಲ ಎಂದು ಅವರಿಗೆ ಹೇಗೆ ವಿವರಿಸುವುದು? ನಿಮಗಾದರೆ ಹೇಳಬಹುದು. ನಿಮಗೂ ಒಂದಲ್ಲ ಒಂದು ಕಡೆ ಸಹೋದ್ಯೋಗಿಗಳಿರುತ್ತಾರೆ.

ನಾನು ತಿರುಮಕೂಡಲು ನರಸೀಪುರದ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ. ಮನೆ ನಂಜನಗೂಡಿನಲ್ಲಿ, ಬಾಡಿಗೆಯದು. ಯಜಮಾನರು ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಶಿಫ್ಟು ಮಾಡುತ್ತಾರೆ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗುವುದು, ಸಂಜೆ ಬಸ್ಸಿನಲ್ಲಿ ಬರುವುದು. ಕಪಿಲೆಯೂ ನಂಜನಗೂಡಿನಿಂದ ನರಸೀಪುರಕ್ಕೇ ಹೋಗುತ್ತಾಳೆ, ಆದರೆ ಸಂಜೆ ಅವಳು ವಾಪಸು ಬರಬೇಕಾಗಿಲ್ಲ. ಅಲ್ಲಿ ಕಾವೇರಿಯನ್ನು ಸೇರಿಕೊಂಡು ಆರಾಮವಾಗಿ ಮುಂದಕ್ಕೆ ಹೋಗಿಬಿಡುತ್ತಾಳೆ. ನಾನು ಮಾತ್ರ ಕಂಬಿ ಹಿಡಿದು ನಿಂತೇ ಬರಬೇಕು. ನೋಡಿದಿರಾ, ಹೊಳೆಯ ಮೇಲೂ ನನಗೆ ಹೊಟ್ಟೆಕಿಚ್ಚು!

ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರದೂ ಹೆಚ್ಚುಕಡಿಮೆ ಒಂದೇ ಸಂಬಳ. ಸಂಬಳ ಆಗುವ ದಿನ ನಾವೆಲ್ಲ ಸರೀಕರು, ಮಾರನೆಯ ದಿನದಿಂದ ವ್ಯತ್ಯಾಸ ಶುರು. ನನ್ನದು ಬಾಡಿಗೆ, ಅತ್ತೆಯ ಔಷಧಿ, ಮಗಳ ಫೀಸು ಎಂದು ಹಂಚಿಹೋದರೆ, ಬೇರೆಯವರದು ಹಾಗೇ ಉಳಿದು ಮರಿ ಹಾಕುತ್ತಿತ್ತು. ಅವರಿಗೆಲ್ಲ ಹಿಂದೆ ಜಮೀನೋ ಅಂಗಡಿಯೋ ಏನಾದರೊಂದು ಇತ್ತು. ಮಾದಪ್ಪ ಮೇಷ್ಟ್ರಿಗೆ ಸಂತೆಬೀದಿಯಲ್ಲಿ ತಂದೆಯ ಕಾಲದ ಗೊಬ್ಬರದಂಗಡಿ. ವಿಜ್ಞಾನದ ಗೌರಮ್ಮನವರಂತೂ ಸೋಮನಾಥಪುರದ ಕಡೆಯ ದೊಡ್ಡ ಕುಳದ ಸೊಸೆ. ನಾಲೆ ನೀರಿನ ಗದ್ದೆ, ಕೊಟ್ಟಿಗೆ ತುಂಬ ಹಸು. ಊಟದ ಹೊತ್ತಿಗೆ ಅವರು ಡಬ್ಬಿ ಬಿಚ್ಚಿದರೆ ಎಲ್ಲದಕ್ಕೂ ಒಂದೇ ಮಾತು, "ನಮ್ಮನೇದೇ ಕಣ್ರೀ." ಅಕ್ಕಿ ನಮ್ಮನೇದೇ, ತುಪ್ಪ ನಮ್ಮನೇದೇ, ನಿಂಬೆಹಣ್ಣೂ ನಮ್ಮನೇದೇ. ನನ್ನ ಡಬ್ಬಿಯಲ್ಲಿ ನಮ್ಮನೆಯದು ಎಂದು ಎದೆತಟ್ಟಿ ಹೇಳಬಹುದಾಗಿದ್ದು ಉಪ್ಪು ಹೆಚ್ಚಾಗಿರುವುದು ಮಾತ್ರ. ಅವರು ಜಂಬಕ್ಕೆ ಹೇಳುತ್ತಿರಲಿಲ್ಲ. ಹಾಗೆ ಹೇಳುತ್ತಲೇ ಅರ್ಧ ತುಪ್ಪವನ್ನು ನನ್ನ ಅನ್ನಕ್ಕೆ ಸುರಿದಿರುತ್ತಿದ್ದರು. ಅದೇ ಕಷ್ಟ ನೋಡಿ. ಕೆಟ್ಟವರ ಮೇಲೆ ಹೊಟ್ಟೆ ಉರಿದರೆ ಒಂದು ಗೌರವವಾದರೂ ಇರುತ್ತದೆ. ತುಪ್ಪ ಹಾಕಿದವರ ಮೇಲೆ ಉರಿದರೆ ಯಾರಿಗೆ ಹೇಳಿಕೊಳ್ಳುವುದು?

ಇಂಥ ದಿನಗಳಲ್ಲಿ ನನಗೆ ಕೈಗುಣ ಬಂತು. ಮಾದಪ್ಪ ಮೇಷ್ಟ್ರು ಹೊಸ ಬೈಕು ತಂದಿದ್ದರು. ನಾನು ಗೇಟಿನ ಹತ್ತಿರ ನಿಂತು ನೋಡುತ್ತಿದ್ದೆ. ಅವರು ಸೀದಾ ಬಂದು ಬೀಗದಕೈಯನ್ನು ನನ್ನ ಅಂಗೈಮೇಲಿಟ್ಟು, "ಒಸಿ ಮುಟ್ಟಿ ಕೊಡಿ ಮೇಡಂ, ನಿಮ್ ಕೈಗುಣ ಒಳ್ಳೇದು" ಎಂದರು. ಮುಟ್ಟಿ ಕೊಟ್ಟೆ. ಆ ವರ್ಷ ಅವರ ಅಂಗಡಿಯ ವ್ಯಾಪಾರ ಕುದುರಿತು. ಅಲ್ಲಿಂದ ಶುರುವಾಯಿತು. ಯಾರು ಏನು ಕೊಂಡರೂ ಮೊದಲು ನನ್ನ ಕೈಗೆ ಬರಬೇಕು. ಬಳೆ, ಸರ, ರೇಷ್ಮೆ ಸೀರೆ, ಕಾರಿನ ಕೀ, ಎಲ್ಲವೂ. ಗೌರಮ್ಮನವರು ಗುಲಾಬಿ ಕಾಗದ ಬಿಚ್ಚುವ ಮೊದಲೇ ನನ್ನ ಹೆಸರು ಕೂಗುವರು. ನಾನು ಬಲಗೈ ಚಾಚಿ, ಕಣ್ಣಿಗೊತ್ತಿ, "ಒಳ್ಳೇದಾಗಲಿ" ಎಂದು ಕೊಡುವುದು. ಮೊದಮೊದಲು ಬಹಳ ಹೆಮ್ಮೆಯಾಯಿತು. ಬಸ್ಸಿನಲ್ಲಿ ಕಂಬಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯನ್ನು ಜೋಪಾನ ಮಾಡಿದ್ದೂ ಉಂಟು.

ಬರಬರುತ್ತಾ ಹೆಮ್ಮೆಯ ಜಾಗದಲ್ಲಿ ಸಿಟ್ಟು ಬಂದು ಕೂತಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಬಚ್ಚಲಲ್ಲಿ ಬಿತ್ತಂತೆ. ನನ್ನ ಕೈಯಲ್ಲಿ ಮುಟ್ಟಿಸಿಕೊಂಡವರೆಲ್ಲ ಮಹಡಿ ಕಟ್ಟಿದರು. ಆ ಕೈಯ ಮಾಲೀಕಳು ಮಾತ್ರ ಬಾಡಿಗೆ ಮನೆಯ ನಲ್ಲಿಯ ಕೆಳಗೆ ಕೊಡ ಇಟ್ಟುಕೊಂಡು ಕಾಯುತ್ತಿದ್ದಳು. ಮನೆಯಲ್ಲಿ ಹೇಳಿಕೊಂಡರೆ ಯಜಮಾನರು, "ಆ ಕೈಗುಣಾನ ನಮ್ಮ ಗ್ಯಾಸ್ ಸಿಲಿಂಡರಿಗೂ ಸ್ವಲ್ಪ ತೋರಿಸು ಮಾರಾಯ್ತಿ, ಇನ್ನೊಂದು ವಾರ ಬರಲಿ" ಎಂದು ನಕ್ಕು ಮಲಗಿದರು. ಅವರಿಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ. ಆ ವಿಷಯದಲ್ಲಿ ನನಗೆ ಅವರ ಮೇಲೂ ಸ್ವಲ್ಪ ಇದೆ.

ಈ ಕಾಯಿಲೆಗೆ ನಾನು ಮಾಡದ ಮದ್ದಿಲ್ಲ. ಇದ್ದವರಿಗೂ ಕಷ್ಟವಿರುತ್ತದೆ ಎಂದುಕೊಳ್ಳುವುದು ಮೊದಲನೆಯದು. ಮಾದಪ್ಪ ಮೇಷ್ಟ್ರಿಗೆ ಸಕ್ಕರೆ ಕಾಯಿಲೆ, ಗೌರಮ್ಮನಿಗೆ ಗಟ್ಟಿಗಿತ್ತಿ ಅತ್ತೆ ಎಂದು ಮನಸ್ಸಿನಲ್ಲೇ ಕೂಡಿಸಿ ಕಳೆದು ಸಮಾಧಾನಪಟ್ಟರೆ, ಬಸ್ಸು ನಂಜನಗೂಡು ಮುಟ್ಟುವಷ್ಟರಲ್ಲಿ ಆ ಸಮಾಧಾನ ಇಳಿದುಹೋಗಿರುತ್ತಿತ್ತು. ನಂಜುಂಡನ ಪಾದಕ್ಕೆ ಬೀಳುವುದು ಎರಡನೆಯದು. ಸೋಮವಾರ ಸೋಮವಾರ ಗುಡಿಗೆ ಹೋಗಿ ಕೈಮುಗಿದು ನಿಲ್ಲುತ್ತಿದ್ದೆ. ವಿಷವನ್ನೇ ನುಂಗಿದವನಿಗೆ ನನ್ನ ಹೊಟ್ಟೆಕಿಚ್ಚು ಯಾವ ಲೆಕ್ಕ? ಆದರೆ "ಮನಸ್ಸಿಗೆ ನೆಮ್ಮದಿ ಕೊಡಪ್ಪಾ" ಎಂದು ಶುರುವಾದ ಪ್ರಾರ್ಥನೆ ಮಂಗಳಾರತಿಯ ಹೊತ್ತಿಗೆ ಒಂದು ಥರ್ಟಿ ಫಾರ್ಟಿ ಸೈಟಿಗೆ ಬಂದು ನಿಂತಿರುತ್ತಿತ್ತು.

ಆ ಸೈಟು ಸುಮ್ಮನೆ ಕನಸಿನದಲ್ಲ. ನರಸೀಪುರದಲ್ಲೇ, ಶಾಲೆಗೆ ನಡೆದು ಹೋಗುವಷ್ಟು ಹತ್ತಿರ, ಮುಂದೊಂದು ಹೊಂಗೆಮರ. ನಾನೂ ಯಜಮಾನರೂ ಭಾನುವಾರಗಳಲ್ಲಿ ಹೋಗಿ ಆ ಮರದ ನೆರಳಲ್ಲಿ ನಿಂತು, ಇಲ್ಲಿ ಅಡುಗೆಮನೆ, ಇಲ್ಲಿ ತುಳಸಿ ಎಂದು ಕಾಲಲ್ಲಿ ಗೆರೆ ಎಳೆಯುತ್ತಿದ್ದೆವು. ಬಸ್ಸಿನ ಓಡಾಟ ತಪ್ಪುತ್ತದೆ, ಸಂಜೆ ಬೆಳಕಿರುವಾಗಲೇ ಮನೆಯಲ್ಲಿರಬಹುದು ಎನ್ನುವ ಆಸೆ. ಎಷ್ಟು ಹೊಂದಿಸಿದರೂ ಅದು ನಮ್ಮ ಕೈಗೆ ಎಟುಕಲಿಲ್ಲ. ಶಾಲೆಯಲ್ಲಿ ಯಾರಿಗೂ ನಾನು ಈ ವಿಷಯ ಹೇಳಿರಲಿಲ್ಲ. ಒಂದು ದಿನ ನೋಡಿದರೆ ಅಲ್ಲಿ ಪಾಯ ತೋಡುತ್ತಿದ್ದರು. ಯಾರದೆಂದು ಕೇಳಿದರೆ, ಗೌರಮ್ಮ ಮೇಡಮ್ಮೋರದು!

ಮನೆ ಏಳುವವರೆಗೂ ನಾನು ಆ ಬೀದಿಯಲ್ಲಿ ನಡೆಯಲಿಲ್ಲ. ಗೌರಮ್ಮನೊಂದಿಗೆ ಮಾತು ಕಡಿಮೆಯಾಯಿತು. ಗ್ಯಾಸ್ಟ್ರಿಕ್ ಎಂದು ತುಪ್ಪ ಬೇಡವೆಂದೆ. ಗ್ಯಾಸ್ಟ್ರಿಕ್ಕೇನೂ ಇರಲಿಲ್ಲ. ಉರಿ ಇತ್ತು, ಅದಂತೂ ನಿಜ. ಅವರ ಪಕ್ಕದಲ್ಲಿ ಕೂತು ಅನ್ನ ಕಲಸುವಾಗ, ಇಷ್ಟು ವರ್ಷದ ಸ್ನೇಹ ನನ್ನ ಕೈಯಾರೆ ಹಾಳಾಗುತ್ತಿದೆಯಲ್ಲಾ ಎಂದು ದುಃಖವಾಗುತ್ತಿತ್ತು. ಆದರೂ ತಡೆಯಲು ಆಗುತ್ತಿರಲಿಲ್ಲ.

ಗೃಹಪ್ರವೇಶದ ಹಿಂದಿನ ವಾರ, ಊಟ ಮುಗಿದ ಮೇಲೆ, ಗೌರಮ್ಮ ಅರಿಸಿನದ ದಾರ ಕಟ್ಟಿದ ಬೀಗದಕೈಯನ್ನು ತಂದು ನನ್ನ ಮುಂದೆ ಹಿಡಿದರು. "ಮುಟ್ಟಿ ಕೊಡಿ ಮೇಡಂ."

ನನ್ನ ಕೈ ಮೇಜಿನ ಕೆಳಗೇ ಉಳಿಯಿತು. "ಬೇಡಿ ಗೌರಮ್ಮನೋರೇ, ಇದೊಂದನ್ನ ನನ್ನ ಕೈಲಿ ಮುಟ್ಟಿಸಬೇಡಿ" ಎಂದೆ.

"ಯಾಕ್ರೀ? ಮುಟ್ಟೋ ಹಾಗಿಲ್ವಾ?"

ಹೌದು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಒಳಗಿದ್ದದ್ದು ಬಾಯಿಗೆ ಬಂದೇಬಿಟ್ಟಿತು. "ನನಗೆ ಹೊಟ್ಟೆ ಉರೀತಿದೆ ಕಣ್ರೀ. ಇವತ್ತಿನದಲ್ಲ, ನಿಮ್ಮ ಬಳೆ ಮುಟ್ಟಿದಾಗಿಂದ ಉರೀತಿದೆ. ಒಳ್ಳೇ ಮನಸ್ಸಿಂದ ಒಂದನ್ನೂ ಮುಟ್ಟಿ ಕೊಟ್ಟಿಲ್ಲ ನಾನು. ನಿಮ್ಮ ಹೊಸ ಮನೆಗೆ ಈ ಕೈ ಬೇಡ."

ಮಾದಪ್ಪ ಮೇಷ್ಟ್ರು ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಗೌರಮ್ಮ ನನ್ನನ್ನೇ ನೋಡಿದರು. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗಲು ಶುರುಮಾಡಿದವರು ನಕ್ಕರು, ನಕ್ಕರು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

"ಉರೀತದೆ ಅಂತ ನಮಗೆ ಗೊತ್ತಿಲ್ವೇನ್ರೀ? ಅದಕ್ಕೇ ತಾನೇ ನಿಮ್ಮ ಕೈಗೇ ಮೊದಲು ಕೊಡೋದು!"

ನನಗೆ ಅರ್ಥವಾಗಲಿಲ್ಲ. ಗೌರಮ್ಮ ಕಣ್ಣೊರೆಸಿಕೊಂಡು ಬಿಡಿಸಿ ಹೇಳಿದರು. ತಿಂಡಿಯ ಮೇಲೆ ಯಾರದಾದರೂ ಆಸೆಗಣ್ಣು ಬಿದ್ದರೆ ಅವರಿಗೇ ಮೊದಲ ತುತ್ತು ಕೊಟ್ಟುಬಿಡುತ್ತೇವಲ್ಲ, ಹಾಗೆ. ಮಾದಪ್ಪ ಮೇಷ್ಟ್ರ ಬೈಕನ್ನು ನಾನು ನೋಡುತ್ತಿದ್ದ ನೋಟ ಕಂಡು ಇವರೇ ಅವರಿಗೆ ಉಪಾಯ ಹೇಳಿಕೊಟ್ಟಿದ್ದಂತೆ. "ನಮ್ಮತ್ತೆ ಮಾತು ಕಣ್ರೀ ಅದು. ‘ಯಾರ ಕಣ್ಣು ಬೀಳ್ತದೋ ಅವ್ರ ಕೈಗೇ ಮೊದ್ಲು ಕೊಟ್ಬುಡವ್ವ. ಕೈ ಮುಟ್ದ ಮ್ಯಾಲೆ ಕಣ್ಣು ಬೀಳಕಿಲ್ಲ’ ಅಂತಾರೆ."

"ಹಾಗಾದರೆ ನನ್ನ ಕೈಗುಣ?" ಎಂದೆ.

ಮಾದಪ್ಪ ಮೇಷ್ಟ್ರು ಪಾಠ ಮಾಡುವಾಗ ಬಿಟ್ಟರೆ ಹಕಾರದ ಗೋಜಿಗೆ ಹೋಗುವವರಲ್ಲ. "ಅದು ನಾವ್ ಕಟ್ಟಿದ್ದು ಮೇಡಂ. ನಿಮ್ ಕಣ್ಣಿಗೆ ಎದ್ರಿ ಕೊಡ್ತಾ ಇವ್ನಿ ಅಂತ ಮಕದ್ ಮ್ಯಾಲೆ ಎಂಗ್ ಏಳದು? ಕೈಗುಣ ಅಂದ್ರೆ ನಿಮ್ಗೂ ಮರ್ಯಾದೆ, ನಮ್ಗೂ ಮನ್ಸು ನಿಸೂರು" ಎಂದು ಅಡಿಕೆಯನ್ನು ಮತ್ತೆ ದವಡೆಗೆ ತಳ್ಳಿಕೊಂಡರು.

ಎದ್ದು ಹೋಗೋಣ ಎನಿಸಿತು. ಇಷ್ಟು ವರ್ಷ ನಾನು ಬಹಳ ಜಾಣತನದಿಂದ ಬಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡಿದ್ದು ಇಡೀ ಸ್ಟಾಫಿಗೆ ಗೊತ್ತಿತ್ತು! ಗೊತ್ತಿದ್ದೂ ಒಬ್ಬರೂ ನನ್ನನ್ನು ದೂರ ಇಟ್ಟಿರಲಿಲ್ಲ, ನೆಪ ಕಟ್ಟಿ ಹತ್ತಿರವೇ ಕರೆದುಕೊಂಡಿದ್ದರು. ಹಾಗೆ ಅನ್ನಿಸಿದ ಮೇಲೆ ಏಳಲು ಆಗಲಿಲ್ಲ. ನಗುವೂ ಅಳುವೂ ಒಟ್ಟಿಗೇ ಬಂದವು.

"ಈ ಸಲ ಯಾಕ್ರೀ ಅಷ್ಟೊಂದು?" ಎಂದು ಗೌರಮ್ಮ ಮೆಲ್ಲಗೆ ಕೇಳಿದರು. ಹೊಂಗೆಮರದ ಸಂಗತಿ ಹೇಳಿದೆ. ಕಾಲಲ್ಲಿ ಗೆರೆ ಎಳೆದದ್ದನ್ನೂ ಹೇಳಿದೆ. ಅವರ ನಗು ನಿಂತುಹೋಯಿತು.

"ಮೊದಲೇ ಹೇಳಬಾರದಿತ್ತೇನ್ರೀ?"

"ಹೇಳಿದ್ದರೆ ಬಿಟ್ಟುಕೊಡ್ತಿದ್ರಾ?"

ಗೌರಮ್ಮ ನಿಜವಾಗಿಯೂ ಯೋಚಿಸಿದರು. "ಇಲ್ಲ ಕಣ್ರೀ, ಬಿಡ್ತಿರಲಿಲ್ಲ. ನನಗೂ ಆ ಮರ ಬಹಳ ಇಷ್ಟ ಆಗಿತ್ತು" ಎಂದರು.

ಅವರು ಬರೀ ಬಾಯಿಮಾತಿಗೆ ಬಿಟ್ಟುಕೊಡುತ್ತಿದ್ದೆ ಎಂದಿದ್ದರೆ ನನ್ನ ಉರಿ ಇವತ್ತಿಗೂ ಆರುತ್ತಿರಲಿಲ್ಲವೇನೋ. ನಾನು ಕೈ ಚಾಚಿದೆ. ಬೀಗದಕೈಯನ್ನು ಕಣ್ಣಿಗೊತ್ತಿಕೊಳ್ಳುವಾಗ ಒಳ್ಳೇ ಮನಸ್ಸಿತ್ತೇ ಎಂದು ಕೇಳಬೇಡಿ, ಅರ್ಧ ಇತ್ತು. ಅಷ್ಟು ಸಾಕು ಎಂದು ಗೌರಮ್ಮನೇ ಹೇಳಿದರು.

ಗೃಹಪ್ರವೇಶಕ್ಕೆ ಹೋದಾಗ ಅವರ ಅತ್ತೆ ನಡುಮನೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀನೇನವ್ವ ಲೆಕ್ಕದ ಮೇಡಮ್ಮು? ಬಾ, ಓಗು, ಒಂದೊಂದ್ ರೂಮ್ನೂ ಚೆಂದಾಗ್ ನೋಡ್ಕೊ. ಇವತ್ತೇ ನೋಡಿ ಮುಗಿಸ್ಬುಡು" ಎಂದರು. ಅಪ್ಪಣೆಯಾಯಿತಲ್ಲ, ನೋಡಿದೆ. ಬೀರು ತೆಗೆದು ನೋಡಿದೆ, ನಲ್ಲಿ ತಿರುಗಿಸಿ ನೋಡಿದೆ, ಮಹಡಿ ಹತ್ತಿ ನೋಡಿದೆ. ಅಡುಗೆಮನೆ ನಾನು ಗೆರೆ ಎಳೆದ ಕಡೆಗೆ ಇರಲಿಲ್ಲ. ನನ್ನ ಲೆಕ್ಕವೇ ಚೆನ್ನಾಗಿತ್ತು ಎನಿಸಿತು. ಅಷ್ಟು ಹೊತ್ತಿಗೆ ಕಾಲು ನೋಯುತ್ತಿತ್ತು, ಹಸಿವೂ ಆಗಿತ್ತು. ಎಲೆಯ ಮುಂದೆ ಕೂತಾಗ ಗೌರಮ್ಮ ತುಪ್ಪದ ಗಿಂಡಿ ಹಿಡಿದು ಬಂದರು. "ಗ್ಯಾಸ್ಟ್ರಿಕ್ಕು?" ಎಂದರು. "ವಾಸಿಯಾಯ್ತು, ಹಾಕಿ" ಎಂದೆ.

ಕಾಯಿಲೆ ಪೂರಾ ಹೋಯಿತು ಎಂದರೆ ನೀವು ನಂಬಬೇಡಿ. ಈಗಲೂ ಯಾರಾದರೂ ಹೊಸದು ತಂದರೆ ಹೊಟ್ಟೆಯ ಮೂಲೆಯಲ್ಲಿ ಚುರ್ರೆನ್ನುತ್ತದೆ. ಆದರೆ ಈಗ ಬಚ್ಚಿಡುವ ಕಷ್ಟವಿಲ್ಲ. "ಇವತ್ತು ಎಷ್ಟಿದೆ ಮೇಡಂ?" ಎಂದು ಅವರು ಕೇಳುತ್ತಾರೆ, "ಸೀರೆಗೆ ಕಮ್ಮಿ ಕಣ್ರೀ, ಬ್ಲೌಸಿನ ಕೆಲಸಕ್ಕೆ ಸ್ವಲ್ಪ ಜಾಸ್ತಿ" ಎಂದು ನಾನು ಹೇಳುತ್ತೇನೆ. ಎಲ್ಲರೂ ನಗುತ್ತಾರೆ. ನಾವು ಈಗಲೂ ಬಾಡಿಗೆ ಮನೆಯಲ್ಲೇ ಇದ್ದೇವೆ. ಸಂಜೆ ಬಸ್ಸಿನಲ್ಲಿ ಕಿಟಕಿ ಸಿಕ್ಕರೆ ಕಪಿಲೆಯನ್ನು ನೋಡಿಕೊಂಡು ಬರುತ್ತೇನೆ, ಜಗಳವಿಲ್ಲ.

ಈ ತಿಂಗಳು ನಾನೂ ಒಂದು ಸ್ಕೂಟಿ ತೆಗೆದುಕೊಂಡೆ. ಸೆಕೆಂಡ್ ಹ್ಯಾಂಡ್, ಆದರೆ ಬಣ್ಣ ಚೆನ್ನಾಗಿದೆ. ಶಾಲೆಗೆ ದಿನಾ ಬಸ್ಸೇ, ಇದು ಹೆಚ್ಚಾಗಿ ಊರೊಳಗಿನ ಓಡಾಟಕ್ಕೆ. ಮೊದಲ ಸಲ ಶಾಲೆಗೆ ತಂದ ದಿನ ಮಾದಪ್ಪ ಮೇಷ್ಟ್ರು ಟೈರು ಒತ್ತಿ ನೋಡಿದರು, ಗೌರಮ್ಮ ಕುಂಕುಮವಿಟ್ಟರು. ಅವರ ಕಣ್ಣಲ್ಲಿ ಖುಷಿಯಿತ್ತೇ ಹೊರತು ಬೇರೇನೂ ಇರಲಿಲ್ಲ. ಅವರಿಗೆ ಯಾಕಿರುತ್ತದೆ? ನಮ್ಮಲ್ಲಿ ಈ ವರ್ಷ ಶಶಿಕಲಾ ಎನ್ನುವ ಅತಿಥಿ ಶಿಕ್ಷಕಿ ಇದ್ದಾಳೆ. ಎರಡು ಮಕ್ಕಳ ತಾಯಿ, ತಗಡೂರಿನಿಂದ ಬಸ್ಸು ಹಿಡಿದು ಬರುತ್ತಾಳೆ. ನಮ್ಮಷ್ಟೇ ಪಾಠ ಮಾಡುತ್ತಾಳೆ. ಅವಳಿಗೆ ಬರುವುದನ್ನು ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಅದೂ ಬಂದಾಗ ಬಂತು. ಅವಳು ಸ್ವಲ್ಪ ದೂರದಲ್ಲಿ ಕಂಬಕ್ಕೆ ಒರಗಿ ನಿಂತು, "ಗಾಡಿ ತುಂಬ ಚೆನ್ನಾಗಿದೆ ಮೇಡಂ" ಎಂದಳು. ಮಾತು ಮುಗಿದ ಮೇಲೂ ನೋಡುತ್ತಲೇ ಇದ್ದಳು. ಆ ನೋಟ ನನಗೆ ಗೊತ್ತು. ಇದ್ದವರ ಸಾಲಿನಲ್ಲಿ ನಾನೂ ಇದ್ದೇನೆ ಎಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಕೀ ತೆಗೆದುಕೊಂಡು ಹೋಗಿ ಅವಳ ಮುಂದೆ ಹಿಡಿದೆ. "ಸ್ವಲ್ಪ ಮುಟ್ಟಿ ಕೊಡಮ್ಮ."

ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿದಳು. ಮುಖ ಅರಳಿಹೋಗಿತ್ತು. "ನಿಜವಾಗ್ಲೂ ನನ್ನ ಕೈಗುಣ ಒಳ್ಳೇದಾ ಮೇಡಂ?"

ಹಿಂದಿನಿಂದ ಗೌರಮ್ಮ ಕೆಮ್ಮಿದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ.

"ತುಂಬ ಒಳ್ಳೇದು ಕಣಮ್ಮ" ಎಂದೆ.