ತಾಕ್ಯಾ ಮೇಡಂ ನಂಬದ ವಾಕ್ಯ

ನಮ್ಮ ತಾಕ್ಯಾ ಮೇಡಂ ಹಗ್ಗ ಕಂಡರೂ ಹಾವು ಎನ್ನುವ ಹೆಂಗಸು. ಫಿಲಿಪ್ಪೀನ್ಸಿನ ಇಲೋಯ್ಲೋ ಕಡಲ ದಂಡೆಯ ನಮ್ಮ ಶಾಲೆಯಲ್ಲಿ ತಲೆ ನರೆಯುವ ತನಕ ಇಂಗ್ಲಿಷ್ ವ್ಯಾಕರಣ ಕಲಿಸಿದರು. ವಾಕ್ಯದಲ್ಲಿ ನಾಮಪದ ಯಾವುದು, ಕ್ರಿಯಾಪದ ಯಾವುದು ಎಂದು ಗುರುತಿಸುವುದನ್ನು ಹೇಳಿಕೊಡುವಾಗಲೂ ಕಿಟಕಿ ಮುಚ್ಚಿಸುತ್ತಿದ್ದರು, ಮಕ್ಕಳು ಸೆಕೆಯಲ್ಲಿ ಬೆಂದರೂ ಸರಿಯೇ. ಪಕ್ಕದೂರಿನ ಶಾಲೆಯವರು ಕದ್ದು ಕೇಳುತ್ತಾರಂತೆ! ಜಿಲ್ಲಾ ವ್ಯಾಕರಣ ಸ್ಪರ್ಧೆಯಲ್ಲಿ ವರ್ಷ ವರ್ಷವೂ ಗೆಲ್ಲುತ್ತಿದ್ದದ್ದು ಆ ಶಾಲೆ.

ಮಾರ್ಚಿನಲ್ಲಿ ಮೇಡಂಗೆ ನಿವೃತ್ತಿ. ಅಷ್ಟರೊಳಗೆ ಒಂದು ಸಲವಾದರೂ ತಮ್ಮ ಶಾಲೆಯ ಮಗು ಗೆಲ್ಲಬೇಕೆಂಬ ಆಸೆ. ಆ ವರ್ಷ ಅರ್ಸೆಲಿ ಸಿಕ್ಕಳು, ಐದನೇ ತರಗತಿಯ ಬೆಸ್ತರ ಹುಡುಗಿ. ಯಾವ ವಾಕ್ಯ ಕೊಟ್ಟರೂ ಪಟಪಟನೆ ಒಂದೊಂದು ಪದದ ಜಾತಿ ಹೇಳಿಬಿಡುವಳು.

“ಅಷ್ಟು ಅವಸರ ಬೇಡ ಕಣೇ. ಸುಲಭವಾಗಿ ಕಾಣೋ ವಾಕ್ಯನಂತೂ ನಂಬ್ಲೇಬೇಡ. ಅದರ ಹೊಟ್ಟೇಲಿ ಏನಾದ್ರೂ ಇರುತ್ತೆ,” ಎಂದು ಮೇಡಂ ದಿನವೂ ಎಚ್ಚರಿಸುತ್ತಿದ್ದರು.

ನಾನೂ ಮೇಡಂ ಜೊತೆಗೇ ಕಲಿಸುವವಳು; ನನ್ನ ಚಿಕ್ಕಮ್ಮನ ಮಗಳು ಪಕ್ಕದೂರಿನ ಆ ಶಾಲೆಯಲ್ಲೇ ಟೀಚರ್. ನನ್ನ ಗ್ರಹಚಾರ!

“ಲೂರ್ದೆಸ್, ನಿನ್ನೆ ತಂಗಿ ಮನೆಗೆ ಹೋಗಿದ್ಯಂತೆ?”

“ಅವಳ ಮಗೂಗೆ ಚರ್ಚಲ್ಲಿ ದೀಕ್ಷಾಸ್ನಾನ ಇತ್ತು ಮೇಡಂ.”

“ಊಟ ಮಾಡ್ಕೊಂಡ್ ಬಂದ್ಯೋ, ಇಲ್ಲಿನ ಗುಟ್ಟು ಏನಾದ್ರೂ ಬಡಿಸಿ ಬಂದ್ಯೋ?”

ನನಗೆ ಮೈಯೆಲ್ಲ ಉರಿಯಿತು. ಅಲ್ಲಿಂದ ತಂದ ಸಿಹಿ ಕಡುಬನ್ನು ಕೊಟ್ಟರೆ, ಮೊದಲು ನಾಯಿಗೆ ಹಾಕಿ, ಅದು ಬಾಲ ಅಲ್ಲಾಡಿಸಿದ ಮೇಲೆಯೇ ತಾವು ತಿಂದರು.

ಸ್ಪರ್ಧೆಯಲ್ಲಿ ಕೊನೆಗೆ ಉಳಿದವರು ಅರ್ಸೆಲಿ ಮತ್ತು ಆ ಶಾಲೆಯ ಒಬ್ಬ ಹುಡುಗ. ಉತ್ತರವನ್ನು ಪುಟ್ಟ ಹಲಗೆಯ ಮೇಲೆ ಬರೆದು, ಗಂಟೆ ಹೊಡೆದಾಗ ಎತ್ತಿ ಹಿಡಿಯಬೇಕು. ತೀರ್ಪುಗಾರರು ಓದಿದರು: “ಬರ್ಡ್ಸ್ ಸಿಂಗ್. ಇದರಲ್ಲಿ ಸಿಂಗ್ ಯಾವ ಪದ?”

ಹಕ್ಕಿಗಳು ಹಾಡುತ್ತವೆ, ಇಷ್ಟೇನಾ ಎಂದು ನನಗೆ ನಗು ಬಂತು. ಅರ್ಸೆಲಿ ಥಟ್ಟನೆ ಬರೆದಳು. ಬರೆದದ್ದನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಂಗೈಯಲ್ಲಿ ಒರೆಸಿ ಬೇರೇನೋ ಬರೆದಳು. ಗಂಟೆ ಹೊಡೆಯಿತು. ಹುಡುಗನ ಹಲಗೆಯಲ್ಲಿ ಕ್ರಿಯಾಪದ, ಇವಳದರಲ್ಲಿ ನಾಮಪದ.

“ಮೋಸ!” ಮೇಡಂ ಎದ್ದು ನಿಂತರು. “ಈ ಲೂರ್ದೆಸ್ ಸನ್ನೆ ಮಾಡಿದ್ಲು, ನಾನೇ ನೋಡ್ದೆ!”

ಸಭೆಯೆಲ್ಲ ನನ್ನತ್ತ ತಿರುಗಿತು. ಅಷ್ಟರಲ್ಲಿ ಅರ್ಸೆಲಿ ಅಳುತ್ತ ಓಡಿಬಂದಳು.

“ಯಾರೂ ಏನೂ ಮಾಡ್ಲಿಲ್ಲ ಮೇಡಂ. ಮೊದ್ಲು ಕ್ರಿಯಾಪದ ಅಂತಾನೇ ಬರ್ದಿದ್ದೆ. ಇಷ್ಟು ಸುಲಭ ಇದೆ, ಏನೋ ಇರ್ಬೇಕು ಅಂತ ಭಯ ಆಯ್ತು.”

ಮೇಡಂ ಬೆಂಚಿನ ಮೇಲೆ ಕುಸಿದರು. ಮಗುವಿನ ಕೈಗೆ ಹತ್ತಿದ ಸೀಮೆಸುಣ್ಣವನ್ನು ತಮ್ಮ ಕರವಸ್ತ್ರದಿಂದ ಒರೆಸುತ್ತ ಮೆಲ್ಲನೆ ಹೇಳಿದರು:

“ನೀನು ಬರ್ದಿದ್ದು ಸರಿಯಾಗೇ ಇತ್ತು ಮಗಳೇ. ಅಳಿಸಿದ್ದು ನಾನು.”