ಬರವಣಿಗೆಗೂ ಮಡಿ

ಮದುವೆಯಾಗಿ ಸಾಗರಕ್ಕೆ ಬಂದಾಗ ನನ್ನ ಟ್ರಂಕಿನಲ್ಲಿ ಸೀರೆಗಳಿಗಿಂತ ಅರ್ಧ ಬರೆದ ಕಥೆಗಳೇ ಹೆಚ್ಚಿದ್ದವು. ತೀರ್ಥಹಳ್ಳಿಯ ತವರಿನಲ್ಲಿ ಮನಸ್ಸು ಬಂದಾಗ ಬರೆದು, ಬಾರದಾಗ ಬಿಟ್ಟು ಅಭ್ಯಾಸ. ಕಥೆಯೆಂದರೆ ತಾನಾಗಿ ಬರಬೇಕು ಎಂಬುದು ನನ್ನ ಆಗಿನ ಜಂಬದ ನಂಬಿಕೆ.

ಸಾಗರದ ಬಾಡಿಗೆ ಮನೆ ಬಸ್ ಸ್ಟ್ಯಾಂಡಿಗೆ ಕೂಗಳತೆ ದೂರದಲ್ಲಿತ್ತು. ಅಲ್ಲಿಗೆ ಕಥೆಯೊಂದನ್ನು ಬಿಟ್ಟು ಎಲ್ಲರೂ ಬರುತ್ತಿದ್ದರು. ಹೊಸನಗರದ ಬಸ್ಸಿಗೆ ಕಾಯುವವರು, ಕೋರ್ಟಿಗೆ ಬಂದವರು, ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುವುದನ್ನು ನೋಡಿ ಬಂದು ಅದನ್ನು ನಮ್ಮ ಜಗಲಿಯಲ್ಲಿ ಇನ್ನೊಮ್ಮೆ ಕಟ್ಟುವವರು. ಎಲ್ಲರಿಗೂ ಕಾಫಿ. ವರ್ಷ ತುಂಬುತ್ತ ಬಂದರೂ ಒಂದು ಕಥೆಯೂ ಮುಗಿದಿರಲಿಲ್ಲ. ಇನ್ನು ನನ್ನಿಂದ ಬರೆಯಲಾಗದೇನೋ ಎಂಬ ಹೆದರಿಕೆ ಒಳಗೇ ಕೂತುಬಿಟ್ಟಿತ್ತು.

ಒಂದು ದಿನ ಒರಳಿನ ಮುಂದೆ ಕಣ್ಣೊರೆಸಿಕೊಳ್ಳುವಾಗ ಅತ್ತೆಯ ಕೈಗೆ ಸಿಕ್ಕಿಬಿದ್ದೆ. ಅವರಿಗೆ ಓದಲು ಬಾರದು. ಅಮ್ಮನ ಪಾಲಿನ ಓದನ್ನೂ ಬಡ್ಡಿ ಸೇರಿಸಿ ಓದಲೆಂದೇ ತಾವು ಮೇಷ್ಟರಾದದ್ದು ಎಂದು ನಮ್ಮ ಯಜಮಾನರು ತಮಾಷೆ ಮಾಡುತ್ತಿದ್ದರು.

"ಎಂತಾತು ತಂಗಿ?"

ಹೇಳಿದೆ. ಅವರು, "ಬರೆಯದು ಯಾವಾಗ?" ಎಂದರು.

"ಮನಸ್ಸು ಬಂದಾಗ, ಅತ್ತೆ."

"ಮನಸ್ಸು ಬಂದಾಗ ಅಡುಗೆ ಮಾಡಿದ್ರೆ ಈ ಮನೇಲಿ ಯಾರಿಗಾದ್ರೂ ಊಟ ಸಿಗ್ತಿತ್ತಾ? ನಾಳಿಂದ ಬರೆಯಲೂ ಮಡಿ."

ತಮಾಷೆ ಎಂದುಕೊಂಡೆ. ಮರುದಿನ ಯಜಮಾನರು ಶಾಲೆಗೆ ಹೊರಡುತ್ತಿದ್ದಂತೆ ಅತ್ತೆ ನನ್ನನ್ನು ಸ್ನಾನಕ್ಕೆ ಅಟ್ಟಿದರು. ಯಾರೂ ಮುಟ್ಟದಂತೆ ಗಳದ ಮೇಲೆ ಒಣಗಿಸಿದ್ದ ಸೀರೆ ಉಡಿಸಿ, ದೇವರ ಕೋಣೆಯ ಪಕ್ಕ ಮಣೆ ಹಾಕಿದರು. ಶಾಯಿ ಬಾಟಲಿ ಮಡಿಗೆ ಆಗುತ್ತದೆಯೇ ಎಂದು ಕೇಳಿದ್ದಕ್ಕೆ, "ಸರಸ್ವತಿಗೆ ಮೈಲಿಗೆ ಇಲ್ಲೆ" ಎಂದು ಶಾಸ್ತ್ರ ಮುಗಿಸಿದರು. ಮಧ್ಯಾಹ್ನದ ಅಡುಗೆಗೆ ಒಲೆ ಹೊತ್ತಿಸುವವರೆಗೆ ನನ್ನನ್ನು ಯಾರೂ ಮುಟ್ಟುವಂತಿಲ್ಲ, ಕರೆಯುವಂತಿಲ್ಲ. ಜಗಲಿಗೆ ಬಂದವರಿಗೆಲ್ಲ ಒಂದೇ ಉತ್ತರ: "ಸೊಸೆ ಮಡೀಲಿ ಇದ್ದು, ಮಾತಾಡ್ಸಡಿ."

ಮೊದಮೊದಲು ಬರಿಯ ಗೋಡೆ ನೋಡಿದ್ದೇ ಬಂತು. "ಎಂತದೂ ಬರ್ತಾ ಇಲ್ಲೆ ಅತ್ತೆ" ಎಂದು ಗೊಣಗಿದರೆ, "ಅಕ್ಕಿ ಬೇಯ ತನಕ ಒಲೆ ಮುಂದೆ ಕೂರ್ತಿಲ್ಯಾ? ಹಂಗೇ ಕೂತ್ಕ" ಎನ್ನುವರು. ಕೂತೆ. ಸಿಟ್ಟಿನಿಂದಲೇ ಕೂತೆ. ಕೂತು ಕೂತು, ಮಣೆ ಕಂಡರೆ ಸಾಲು ಹೊಳೆಯುವಂತಾಯಿತು. ಭಾನುವಾರ ಯಜಮಾನರು ಅಂಗಿಯಿಂದ ಕಿತ್ತುಬಂದ ಗುಂಡಿ ಹಿಡಿದು ಹೊಸ್ತಿಲ ಆಚೆ ನಿಂತು, ದೇವರಿಗೆ ಹರಕೆ ಹೇಳುವವರಂತೆ ಗಾಳಿಯಲ್ಲಿ ಸನ್ನೆ ಮಾಡಿ, ಅತ್ತೆಯಿಂದ ಬೈಸಿಕೊಂಡು ಹೋಗುತ್ತಿದ್ದರು.

ಪಕ್ಕದ ಮನೆಯಾಕೆ ಮಾತ್ರ ಇದು ಯಾವುದೋ ದೊಡ್ಡ ವ್ರತವೆಂದೇ ನಂಬಿದರು. ದಿನಾ ಒಂದು ಹಿಡಿ ಮಲ್ಲಿಗೆ ಬಾಗಿಲಿಗೆ ಬರತೊಡಗಿತು. ಕಡೆಗೆ ತಡೆಯಲಾರದೆ ಅತ್ತೆಯನ್ನು ಕೇಳಿಯೇಬಿಟ್ಟರು: "ನಿಮ್ಮ ಸೊಸೆ ವ್ರತದ ಉದ್ಯಾಪನೆ ಯಾವಾಗ್ರೀ? ಅರಿಶಿನ ಕುಂಕುಮಕ್ಕೆ ಕರೀರಿ, ಬರ್ತೀನಿ."

ಅತ್ತೆ ನಗಲಿಲ್ಲ. "ಇದಕ್ಕೆ ಉದ್ಯಾಪನೆ ಇಲ್ಲೆ" ಎಂದರು.

ಆ ವ್ರತದಲ್ಲಿ ನನ್ನ ಮೊದಲ ಕಥೆ ಮುಗಿಯಿತು, ಎರಡನೆಯದೂ ಮುಗಿಯಿತು. ಯಜಮಾನರು ಓದಿ ಹೇಳಿದಾಗ ಅತ್ತೆ ಕೇಳಿ, "ಉಪ್ಪು ಸ್ವಲ್ಪ ಕಮ್ಮಿ" ಎಂದದ್ದೂ ಉಂಟು. ಇಷ್ಟೆಲ್ಲ ಏಕೆ ಮಾಡಿದಿರಿ ಎಂದು ಒಮ್ಮೆ ಕೇಳಿದೆ. ಹೂವು ಕಟ್ಟುತ್ತಲೇ ಹೇಳಿದರು: ಅವರು ಸೊಸೆಯಾಗಿ ಹೋದ ಹೊಸನಗರದ ಕಡೆಯ ತುಂಬಿದ ಮನೆಯಲ್ಲಿ ಯಾರೂ ಅವರನ್ನು ಕರೆಯದೆ ಇದ್ದದ್ದು ಮಡಿಯಲ್ಲಿ ಮಾತ್ರವಂತೆ. ಮದುವೆಮನೆಗಳಲ್ಲಿ ಹಾಡುತ್ತಿದ್ದ ತಮ್ಮ ಹಾಡುಗಳನ್ನೆಲ್ಲ ಆ ಹೊತ್ತಿನಲ್ಲೇ, ಒಲೆಯ ಮುಂದೆ ಕಟ್ಟಿದ್ದಂತೆ. ನನಗೆ ಅವರ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದರು. ನಾನು ಮಣೆ ಎತ್ತಿಟ್ಟು ಅವರ ಬಳಿ ಕೂತೆ. ಅವರು ಕಣ್ಣುಬಿಟ್ಟು, "ಮಡಿ ಆತಾ?" ಎಂದರು.

"ಇಲ್ಲೆ ಅತ್ತೆ. ಈಗ ಅದೆಲ್ಲ ಬೇಡ."

"ಮಣೆ ಇಲ್ಲಿಗೇ ತಗಂಡು ಬಾ."

ಸ್ನಾನ ಮಾಡಿ ಬಂದು ಅವರ ಹಾಸಿಗೆಯ ಮಗ್ಗುಲಲ್ಲೇ ಕೂತು ಬರೆಯತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ ಸೆರಗು ಜಗ್ಗಿದಂತಾಯಿತು. ಇಷ್ಟು ವರ್ಷ ಆ ಹೊತ್ತಿನಲ್ಲಿ ನನ್ನ ನೆರಳನ್ನೂ ಸೋಕದವರು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ನಾನು ಪೆನ್ನು ಕೆಳಗಿಟ್ಟೆ.

"ನಾನೇ ಮುಟ್ಟಿಬಿಟ್ಟಿ" ಎಂದರು, ತಪ್ಪು ಮಾಡಿದ ಮಗುವಿನಂತೆ ನಕ್ಕು. "ಏಳಡ. ಬರಿ."

ಅವರು ಸೆರಗು ಬಿಡಲಿಲ್ಲ. ನಾನು ಏಳಲಿಲ್ಲ, ಬರೆದೆ.