ಹೆಲ್ಪ್ ಎಂದವರಿಗೆ ಹೋದ ಕೈಪಿಡಿ

ಸೊಸೆ ಆಸ್ಪತ್ರೆಯಲ್ಲಿ ಸರ್ವರ್ ನೋಡಿಕೊಳ್ಳುತ್ತಾಳೆ ಎಂದು ಅತ್ತೆ ಒಮ್ಮೆ ಪಕ್ಕದ ಮನೆಯವರ ಮುಂದೆ ಹೆಮ್ಮೆಯಿಂದ ಹೇಳಿಕೊಂಡರು. ಪಾಪ, ಅವರು ಅದನ್ನು ಕ್ಯಾಂಟೀನಿನಲ್ಲಿ ಕಾಫಿ ತಂದುಕೊಡುವ ಕೆಲಸವೆಂದು ತಿಳಿದು, ಯಾವ ಕೆಲಸವೂ ಕೀಳಲ್ಲ ಬಿಡಿ ಎಂದು ಸಮಾಧಾನ ಮಾಡಿ ಹೋದರು. ಅತ್ತೆ ಬಿದ್ದು ಬಿದ್ದು ನಕ್ಕು ಆ ಕಥೆಯನ್ನು ಆಸ್ಪತ್ರೆಯವರೆಗೂ ಮುಟ್ಟಿಸಿದರು. ಅಂದಿನಿಂದ ಅವಳು ಎಲ್ಲರಿಗೂ ಸರ್ವರಕ್ಕ.

ಅವಳ ಕೋಣೆ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದ ಪಕ್ಕದಲ್ಲಿದೆ. ಆ ಕಡೆ ಹಬೆ, ಸೋಪಿನ ವಾಸನೆ. ಈ ಕಡೆ ಕಂಪ್ಯೂಟರ್ ಯಂತ್ರಗಳಿಗಾಗಿ ಹಗಲಿರುಳೂ ಎಸಿ. ಹೊರಗೆ ಬಿಸಿಲು ಸುಡುತ್ತಿರುವಾಗ ಸ್ವೆಟರ್ ಹಾಕಿಕೊಂಡು ಕೂರುವ ಜೀವ ಅವಳೊಬ್ಬಳೇ. ಆಸ್ಪತ್ರೆಯ ಹತ್ತಾರು ತಾಪತ್ರಯಗಳ ನಡುವೆ ಅವಳಿಗೆ ಮುದ್ದಿನ ಕೆಲಸವೊಂದಿತ್ತು. ಗಂಟಲಿನ ಧ್ವನಿಪೆಟ್ಟಿಗೆ ತೆಗೆಸಿಕೊಂಡವರು ಇಮೇಲಿನಲ್ಲಿ ಹರಟುವ ಒಂದು ಬಳಗ. ಒಬ್ಬರು ಬರೆದದ್ದು ಎಲ್ಲರಿಗೂ ತಲುಪುವ ಮೇಲಿಂಗ್ ಲಿಸ್ಟ್ ಅದು. ಬಾಯಿ ಮುಚ್ಚಿದ ಈ ಜನ ಅಲ್ಲಿ ವಾಚಾಳಿಗಳು. ಉಸಿರಾಡಲು ಕತ್ತಿನಲ್ಲಿ ಮಾಡಿದ ತೂತಿಗೆ ಯಾವ ಬಟ್ಟೆ ಮೆತ್ತಗೆ ಎಂಬಲ್ಲಿಂದ ಅಳಿಯನ ಗೊರಕೆಯವರೆಗೆ ಬರೆಯದ ವಿಷಯವಿಲ್ಲ. ತುಂಬಿ ತುಳುಕುವ ಇಮೇಲ್ ಪೆಟ್ಟಿಗೆ ಯಾರದು, ಯಾರ ವಿಳಾಸದಿಂದ ಪತ್ರ ವಾಪಸ್ಸು ಬರುತ್ತಿದೆ ಎಂದು ನೋಡಿ ಸರಿಮಾಡುವುದು ಸರ್ವರಕ್ಕನ ಪಾಲು. ಪತ್ರ ಓದುವುದು ಮಾತ್ರ ಅವಳ ಪಾಲಲ್ಲ. ಮನೆಮನೆಗೆ ಹಾಲು ಹಾಕುವವರು ಬಾಗಿಲಲ್ಲಿಟ್ಟು ಬರಬೇಕೇ ಹೊರತು ಒಳಗೆ ಇಣುಕಬಾರದು ಎಂಬುದು ಅವಳ ನಿಯಮ.

ಒಂದು ಬೆಳಗ್ಗೆ ಗಂಟಲು ವಾರ್ಡಿನ ಹಿರಿಯ ನರ್ಸಮ್ಮ ಮುಖ ಗಂಟಿಕ್ಕಿಕೊಂಡು ಕೆಳಗಿಳಿದು ಬಂದರು. ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವ ಹಿರಿಯರೊಬ್ಬರು ಆಪರೇಷನ್ ಬೇಡವೆಂದು ಎದ್ದುಹೋಗಿದ್ದರಂತೆ. ತಡಮಾಡಿದರೆ ಗಂಟಲಿನ ಗೆಡ್ಡೆ ಉಸಿರಿನ ದಾರಿಯನ್ನೇ ಮುಚ್ಚುತ್ತದೆ. ಡಾಕ್ಟರು ಬಿಡಿಸಿ ಹೇಳಿದ್ದಾಯಿತು, ಮಗಳು ಅತ್ತಿದ್ದಾಯಿತು. ಅವರು ಮಾತ್ರ ಜಪ್ಪಯ್ಯ ಎಂದರೂ ಒಪ್ಪುತ್ತಿಲ್ಲ. ಅನುಭವ ಇದ್ದವರನ್ನೇ ಕೇಳಿ ನೋಡಲಿ ಎಂದು ನರ್ಸಮ್ಮನೇ ಅವರನ್ನು ಬಳಗಕ್ಕೆ ಸೇರಿಸಿದ್ದರು.

"ಕೇಳಿದ್ರಂತೆ. ನಿಮ್ಮ ಬಳಗದೋರು ಒಂದು ಒಳ್ಳೆ ಮಾತು ಬರೆಯೋದು ಬಿಟ್ಟು ಇಂಗ್ಲಿಷ್ ಪುಸ್ತಕ ಕಳಿಸಿದ್ರಂತೆ" ಎಂದರು.

ನಮ್ಮವರು ಅಂಥವರಲ್ಲ ಎಂದು ಸರ್ವರಕ್ಕ ವಾದಿಸಿದಳು. ನರ್ಸಮ್ಮ ಹೋದ ಮೇಲೆ, ಬಂದುಹೋದದ್ದೆಲ್ಲ ದಾಖಲಾಗುವ ಸರ್ವರಿನ ಲಾಗ್ ತೆರೆದು ಆ ಹಿರಿಯರ ವಿಳಾಸ ಹುಡುಕಿದಳು. ಮೂರು ಸಲ ಪತ್ರ ಬಂದಿತ್ತು. ಮೂರು ಸಲವೂ ಅದರ ಮುಂದೆ ಒಂದೇ ಷರಾ: ಅಪ್ಪಣೆ ಬಂತು, ಕೈಪಿಡಿ ಕಳಿಸಲಾಯಿತು.

ಅವಳಿಗೆ ಹೊಳೆದುಹೋಯಿತು. ಲಿಸ್ಟ್ ನಡೆಸುವ ತಂತ್ರಾಂಶಕ್ಕೆ ಕೆಲವು ಇಂಗ್ಲಿಷ್ ಪದಗಳೆಂದರೆ ಅಪ್ಪಣೆ. ವಿಷಯದ ಸಾಲಿನಲ್ಲಿ 'ಸ್ಟಾಪ್' ಎಂದಷ್ಟೇ ಇದ್ದರೆ ಸದಸ್ಯತ್ವ ರದ್ದು. 'ಹೆಲ್ಪ್' ಎಂದಷ್ಟೇ ಇದ್ದರೆ, ಲಿಸ್ಟ್ ಬಳಸುವುದು ಹೇಗೆಂದು ಯಾರೋ ಕೇಳುತ್ತಿದ್ದಾರೆ ಎಂದುಕೊಂಡು ಇಂಗ್ಲಿಷ್ ಕೈಪಿಡಿ ಕಳಿಸುತ್ತದೆ. ಬರೆದದ್ದನ್ನು ಯಾರಿಗೂ ಹಂಚದೆ ಪಕ್ಕಕ್ಕೆ ಎಸೆಯುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ವಿಷಯ ಚಿಕ್ಕದಾಗಿರಬೇಕು ತಾತ ಎಂದು ಮೊಮ್ಮಗಳು ಹೇಳಿಕೊಟ್ಟಿದ್ದಳೋ ಏನೋ, ಅವರು ತಮಗೆ ಗೊತ್ತಿದ್ದ ಒಂದೆರಡು ಇಂಗ್ಲಿಷ್ ಪದಗಳಲ್ಲಿ 'ಹೆಲ್ಪ್' ಎಂಬ ಚಿಕ್ಕ ಪದವನ್ನೇ ಒತ್ತಿದ್ದರು.

ಎಸೆದದ್ದೆಲ್ಲ ಬಿದ್ದಿರುವ ಕಡತದಲ್ಲಿ, ಲಾಟರಿ ಹೊಡೆದಿದೆ ಎನ್ನುವ ಕಸದ ನಡುವೆ, ಆ ಪತ್ರಗಳು ಸಿಕ್ಕವು. ಅವಳು ತನ್ನ ನಿಯಮ ಮುರಿದು ಓದಿದಳು.

'ನಾನು ಹರಾಜು ಕೂಗೋನು. ಕೂಗಿಯೇ ಮನೆ ನಡೆಸಿದೀನಿ. ಗಂಟಲು ತೆಗೀಬೇಕಂತೆ. ತೆಗೆದ ಮೇಲೆ ಮನುಷ್ಯ ಮನುಷ್ಯನಾಗೇ ಇರ್ತಾನಾ? ಗೊತ್ತಿದ್ದೋರು ಒಂದು ಸಾಲು ಬರೀರಿ.'

ಎರಡನೆಯದು: 'ಪುಸ್ತಕ ಬಂತು. ನನಗೆ ಇಂಗ್ಲಿಷ್ ಬರಲ್ಲ. ಅಲ್ಲಿ ಮನುಷ್ಯರು ಯಾರಾದ್ರೂ ಇದೀರಾ?'

ಮೂರನೆಯದರಲ್ಲಿ 'ಹೆಲ್ಪ್' ಬಿಟ್ಟು ಬೇರೇನೂ ಇರಲಿಲ್ಲ.

ಯಂತ್ರದ ಮೇಲೆ ಸಿಟ್ಟು ಮಾಡಿ ಏನು ಬಂತು? ಅದು ತನಗೆ ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ಅವಳು ಆ ಸೆಟ್ಟಿಂಗನ್ನು ತೆಗೆದುಹಾಕಿ, ತಾನೊಬ್ಬಳೇ ಇರುವ ಪರೀಕ್ಷೆಯ ಲಿಸ್ಟಿಗೆ 'ಹೆಲ್ಪ್' ಎಂದು ಒಂದು ಪತ್ರ ಬರೆದು ನೋಡಿದಳು, ಸರಾಗವಾಗಿ ಹೋಯಿತು. ಆಮೇಲೆ ಆ ಮೂರನ್ನೂ ಒಟ್ಟಿಗೆ ಇಟ್ಟು, ಇವು ನಿಮಗೆ ತಲುಪದೇ ಇದ್ದುದು ಯಂತ್ರದಿಂದ, ಇವರು ಇನ್ನೂ ಕಾಯುತ್ತಿದ್ದಾರೆ ಎಂದು ಮೇಲೆ ಬರೆದು ಬಳಗಕ್ಕೆ ಕಳಿಸಿದಳು. ಇಷ್ಟು ವರ್ಷದಲ್ಲಿ ಅವಳು ಅಲ್ಲಿ ಬರೆದ ಮೊದಲ ಸಾಲು ಅದು.

ಆದರೆ ಮುನಿದವರು ಮೇಲ್ ತೆರೆದು ನೋಡುತ್ತಾರೆಯೇ? ನರ್ಸಮ್ಮನಿಂದ ನಂಬರ್ ತೆಗೆದುಕೊಂಡು ಫೋನ್ ಮಾಡಿದಳು. ಆ ಕಡೆಯಿಂದ ಒರಟು ಕಲ್ಲಿನ ಮೇಲೆ ಚಾಕು ಮಸೆದಂಥ ದನಿ ಬಂತು. ಅವಳು ತಾನು ಬಳಗದ ಸರ್ವರ್ ನೋಡಿಕೊಳ್ಳುವವಳೆಂದಳು.

"ನೀವು ಮನುಷ್ಯರಾ, ಮೆಷಿನ್ನಾ?"

"ಮನುಷ್ಯರೇ ಸಾರ್. ನಿಮ್ಮ ಕಾಗದ ಯಾರಿಗೂ ತಲುಪಿರಲಿಲ್ಲ. ಪುಸ್ತಕ ಕಳಿಸಿದ್ದು ಮೆಷಿನ್ನು."

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು.

"ಹಾಗಾದ್ರೆ ಅವರು ಬೇಕಂತ ಸುಮ್ನಿದ್ದಿದ್ದಲ್ವಾ?"

"ಅವರಿಗೆ ಗೊತ್ತೇ ಇರಲಿಲ್ಲ ಸಾರ್. ಈಗ ತೆಗೆದು ನೋಡಿ."

ಅಷ್ಟರಲ್ಲಾಗಲೇ ಉತ್ತರಗಳು ನಾ ಮುಂದು ತಾ ಮುಂದು ಎಂದು ಬರತೊಡಗಿದ್ದವು. ಮತ್ತೆ ನಿಯಮ ಮುರಿಯದೆ ಅವಳು ಅವು ಹೋಗಿ ಮುಟ್ಟಿದುವೇ ಎಂದಷ್ಟೇ ನೋಡಿದಳು. ಒಂದೂ ವಾಪಸ್ಸು ಬರಲಿಲ್ಲ. ವಾರ ಕಳೆಯುವುದರೊಳಗೆ ನರ್ಸಮ್ಮ ಬಂದು, ಹರಾಜಿನವರು ಒಪ್ಪಿದ್ದಾರೆ, ದಿನ ಗೊತ್ತಾಗಿದೆ ಎಂದು ಹೇಳಿ ಅವಳ ಕೆನ್ನೆ ಹಿಂಡಿ ಹೋದರು.

ಆಪರೇಷನ್ನಿನ ಹಿಂದಿನ ದಿನ, ಊಟದ ಡಬ್ಬಿ ತೆರೆಯುವ ಹೊತ್ತಿಗೆ ಅವಳ ಫೋನ್ ಬಡಿದುಕೊಂಡಿತು. ಅದೇ ದನಿ, ಇನ್ನಷ್ಟು ಸವೆದಿತ್ತು.

"ಬಳಗದೋರೊಬ್ರು ಬರೆದಿದ್ರಮ್ಮ. ಒಳಗೆ ಹೋಗೋ ಮುಂಚೆ ನಿಮ್ಮೋರನ್ನೆಲ್ಲ ಒಂದೊಂದ್ಸಲ ಹೆಸರು ಹಿಡಿದು ಕೂಗ್ಬಿಡಿ ಅಂತ. ಬೆಳಗ್ಗೆಯಿಂದ ಅದೇ ಮಾಡ್ತಿದೀನಿ. ಮನೆಯೋಳು, ಮಗಳು, ಮೊಮ್ಮಗಳು, ಮಾರ್ಕೆಟ್ಟಿನೋರು, ಎಲ್ಲಾ ಆಯ್ತು." ಅವರು ಉಸಿರೆಳೆದುಕೊಂಡರು. "ನಿಮ್ಮ ಹೆಸರು ಗೊತ್ತಿಲ್ವಲ್ಲ. ಏನಮ್ಮ?"

ಅವಳು ಹೇಳಿದಳು.

ಹರಾಜಿನವರು ಇದ್ದ ಶಕ್ತಿಯನ್ನೆಲ್ಲ ಗಂಟಲಿಗೆ ತಂದುಕೊಂಡು, ಮಾರುಕಟ್ಟೆಯ ಆ ತುದಿಗೆ ಕೇಳಿಸುವ ಹಾಗೆ, ಅವಳ ಹೆಸರನ್ನು ಕೂಗಿದರು.

"ಓ" ಎಂದಳು ಅವಳು.